ದೀಪ ಹುಟ್ಟಿದ ಊರಿನಲ್ಲಿ ಕರೆಂಟ್ ಬಿಲ್ಲು

ಅಮೆರಿಕಕ್ಕೆ ಹೋಗಿಬಂದವರು ನಯಾಗರ ಜಲಪಾತ, ಸ್ವಾತಂತ್ರ್ಯದೇವಿಯ ಪ್ರತಿಮೆ ಅಂತ ಬರೆದೂ ಬರೆದೂ ನಿಮಗೂ ಓದಿ ಸಾಕಾಗಿರಬೇಕು. ಅದೆಲ್ಲ ನಾನೂ ನೋಡಿದೆ, ಚೆನ್ನಾಗಿಯೇ ಇದೆ. ಆದರೆ 2025ರ ಬೇಸಗೆಯಲ್ಲಿ ಐದು ತಿಂಗಳು ಮಗಳ ಮನೆಯಲ್ಲಿದ್ದು, ಅವಳ ಅಡಿಗೆಮನೆ, ದಿನಸಿ ಅಂಗಡಿ, ತಿಂಗಳ ಲೆಕ್ಕ ಎಲ್ಲ ಕಂಡುಬಂದವಳು ನಾನು. ನಿಮಗೆ ಹೇಳಬೇಕಾದದ್ದು ಅದೇ.

ಊರಿನ ಹೆಸರು ಎಡಿಸನ್. ನ್ಯೂಜೆರ್ಸಿ ರಾಜ್ಯ, ನ್ಯೂಯಾರ್ಕಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ಹಾದಿ. ಅಲ್ಲಿನ ಓಕ್ ಟ್ರೀ ರೋಡಿನಲ್ಲಿ ಕಾಲಿಟ್ಟರೆ ನೀವು ಅಮೆರಿಕದಲ್ಲಿದ್ದೀರಿ ಅಂತ ಯಾರಾದರೂ ಆಣೆ ಮಾಡಿ ಹೇಳಬೇಕು! ಸೀರೆ ಅಂಗಡಿ, ಚಿನ್ನದ ಅಂಗಡಿ, ದೋಸೆ, ಚಾಟು, ಕರಿಬೇವು, ಎಳೆ ಬೆಂಡೆಕಾಯಿ ಎಲ್ಲವೂ ಉಂಟು. ನಮ್ಮವರು ಅಷ್ಟು ಜನ ಇದ್ದಾರೆ.

ಮೊದಲು ಈ ಊರಿಗೆ ರಾರಿಟನ್ ಅಂತ ಹೆಸರಿತ್ತು. 1954ರಲ್ಲಿ ಥಾಮಸ್ ಎಡಿಸನ್ನರ ನೆನಪಿಗೆ ಬದಲಿಸಿದರು. ಇಲ್ಲಿನ ಮೆನ್ಲೋ ಪಾರ್ಕಿನಲ್ಲಿ ಅವರ ಪ್ರಯೋಗಶಾಲೆ ಇತ್ತು. ದನಿ ಹಿಡಿದಿಡುವ ಯಂತ್ರ 1877ರಲ್ಲಿ, ಮನೆಗೆ ಒಗ್ಗುವ ವಿದ್ಯುದ್ದೀಪ 1879ರಲ್ಲಿ ಇಲ್ಲಿಯೇ ತಯಾರಾದವು. ಪ್ರಯೋಗಶಾಲೆ ಈಗಿಲ್ಲ; ಮೋಟಾರು ಕಾರಿನ ಹೆನ್ರಿ ಫೋರ್ಡ್ ಅದನ್ನು ಮಿಷಿಗನ್ನಿನ ತಮ್ಮ ವಸ್ತುಸಂಗ್ರಹಾಲಯಕ್ಕೆ ಸಾಗಿಸಿಬಿಟ್ಟರು. ಆ ಜಾಗದಲ್ಲಿ, ಕ್ರಿಸ್ಟಿ ಸ್ಟ್ರೀಟ್ ಎಂಬ ಸಣ್ಣ ಬೀದಿಯಲ್ಲಿ, ಎತ್ತರದ ಗೋಪುರ ಕಟ್ಟಿ ನೆತ್ತಿಯ ಮೇಲೆ ದೊಡ್ಡದೊಂದು ಗಾಜಿನ ಬಲ್ಬು ಕೂರಿಸಿದ್ದಾರೆ. ಕಲಶ ಇಟ್ಟ ಹಾಗಿದೆ, ನೋಡುವಂತಿದೆ.

ನಮಗೂ ಆ ದೀಪಕ್ಕೂ ನಂಟಿದೆ ಗೊತ್ತೇ? ಎಡಿಸನ್ನರ ಕಂಪೆನಿ ಮುಂದೆ ಇನ್ನೊಂದರ ಜೊತೆ ಸೇರಿ ಜನರಲ್ ಎಲೆಕ್ಟ್ರಿಕ್ ಆಯಿತು. 1902ರಲ್ಲಿ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿದಾಗ ಯಂತ್ರಗಳು ಬಂದದ್ದು ಆ ಕಂಪೆನಿಯಿಂದ. ಅದೇ ಶಿವನಸಮುದ್ರದ ಕರೆಂಟಿನಿಂದ 1905ರಲ್ಲಿ ಬೆಂಗಳೂರಿನ ಬೀದಿದೀಪ ಬೆಳಗಿತು.

ಇಂಥ ಊರಿನಲ್ಲಿ ಜನ ಕರೆಂಟು ಬಿಲ್ಲಿಗೆ ಹೆದರುತ್ತಿದ್ದರು ಅಂದರೆ ನಂಬುತ್ತೀರಾ? ಅದಕ್ಕೆ ಬರುವ ಮುಂಚೆ ಅಂಗಡಿಯ ಮಾತು ಮುಗಿಸಿಬಿಡುತ್ತೇನೆ.

ನಾನು ಹೋಗುವ ಹೊತ್ತಿಗೆ ಅಲ್ಲಿ ಎಲ್ಲರ ಬಾಯಲ್ಲೂ ಮೊಟ್ಟೆಯ ಸುದ್ದಿ. ಹಕ್ಕಿಜ್ವರ ಬಂದು ಕೋಟಿಗಟ್ಟಲೆ ಕೋಳಿ ಹೋಗಿ, 2025ರ ಮಾರ್ಚಿನಲ್ಲಿ ಡಜನ್ ಮೊಟ್ಟೆಯ ಸರಾಸರಿ ಬೆಲೆ 6 ಡಾಲರ್ 23 ಸೆಂಟಿಗೆ ಏರಿತ್ತು. ನಮ್ಮ ಲೆಕ್ಕದಲ್ಲಿ ಐನೂರು ರೂಪಾಯಿಗೂ ಮೇಲೆ! ನಮ್ಮ ಮನೆಯಲ್ಲಿ ಮೊಟ್ಟೆ ತರುವುದಿಲ್ಲ, ಹಾಗಾಗಿ ಅದೊಂದು ತಾಪತ್ರಯ ಇರಲಿಲ್ಲ. ಆದರೆ ಅಕ್ಕಿಯ ಕಥೆ ಮಗಳು ಹೇಳಿದಳು. 2023ರ ಜುಲೈ 20ರಂದು ನಮ್ಮ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತಲ್ಲ, ಆ ಸುದ್ದಿ ಹರಡಿದ್ದೇ ತಡ, ಸೋನಾ ಮಸೂರಿ ಚೀಲಕ್ಕೆ ಅಲ್ಲಿ ನೂಕುನುಗ್ಗಲು. ಒಬ್ಬೊಬ್ಬರು ಹತ್ತು ಚೀಲ ಹೊತ್ತೊಯ್ದರಂತೆ. ಕೊನೆಗೆ ಅಂಗಡಿಯವರು ಮನೆಗೊಂದೇ ಚೀಲ ಅಂತ ಬೋರ್ಡು ಹಾಕಬೇಕಾಯಿತು. ರಫ್ತಿನ ತಡೆ ಹೋದದ್ದು 2024ರ ಸೆಪ್ಟೆಂಬರಿನಲ್ಲಿ. ಉಸಿರು ಬಿಡುವಷ್ಟರಲ್ಲಿ ಅತ್ತ ಕಡೆಯಿಂದ ಹೊಡೆತ: 2025ರ ಆಗಸ್ಟ್ 27ರಂದು ಭಾರತದ ಬಹುಪಾಲು ಸರಕಿನ ಮೇಲೆ ಅಮೆರಿಕದ ಸುಂಕ ಶೇಕಡಾ 50ಕ್ಕೆ ಏರಿತು. ದೆಹಲಿಯವರು ಸೀನಿದರೂ ವಾಷಿಂಗ್ಟನ್ನಿನವರು ಕೆಮ್ಮಿದರೂ ನೆಗಡಿ ಹತ್ತುವುದು ನನ್ನ ಮಗಳ ಅಕ್ಕಿ ಡಬ್ಬಕ್ಕೆ.

ಇನ್ನು ಅಂಗಡಿಯ ಯಂತ್ರಗಳು. ಹಣ ತೆಗೆದುಕೊಳ್ಳುವ ಹುಡುಗಿಯರು ಒಬ್ಬರೋ ಇಬ್ಬರೋ, ಉಳಿದದ್ದೆಲ್ಲ ಯಂತ್ರ. ಸಾಮಾನನ್ನು ನಾವೇ ತೋರಿಸಬೇಕು, ನಾವೇ ತೂಗಬೇಕು, ನಾವೇ ಚೀಲಕ್ಕೆ ತುಂಬಬೇಕು. ಬಾಳೆಹಣ್ಣಾದರೆ 4011 ಅಂತ ಒತ್ತಬೇಕು. ಬದನೆಕಾಯಿ ಹುಡುಕಿದರೆ ‘ಎಗ್‌ಪ್ಲಾಂಟ್’ ಅನ್ನುತ್ತದೆ. ಮೊಟ್ಟೆಗಿಡ! ಕೈಚೀಲವನ್ನು ಒಂದು ಚೂರು ಎತ್ತಿದರೆ ಸಾಕು, ದೀಪ ಮಿಣಮಿಣ ಅಂತ ಕೂಗಿಕೊಳ್ಳುತ್ತದೆ. ಕಳ್ಳರನ್ನು ಹಿಡಿದ ಹಾಗೆ ಎಲ್ಲರೂ ತಿರುಗಿ ನೋಡುತ್ತಾರೆ. ಕೆಲಸ ನಮ್ಮಿಂದ ಮಾಡಿಸಿಕೊಂಡು ಒಂದು ಸೆಂಟಾದರೂ ಕಡಿಮೆ ಮಾಡಬಾರದೇ? ಅದೂ ಇಲ್ಲ. ಕಡಿಮೆ ಬೆಲೆ ಬೇಕಾದರೆ ಮೊಬೈಲಿನಲ್ಲಿ ಅಂಗಡಿಯ ಆ್ಯಪ್ ಇರಬೇಕು, ಅದರಲ್ಲಿ ಕೂಪನ್ ಒತ್ತಿರಬೇಕು. ಒಂದೇ ಮೊಸರಿನ ಡಬ್ಬಕ್ಕೆ ಎರಡು ಬೆಲೆ: ಮೊಬೈಲು ಬಲ್ಲವರಿಗೆ ಒಂದು, ಬಾರದವರಿಗೆ ಒಂದು. ಬಾರದವರು ಯಾರು ಹೇಳಿ? ವಯಸ್ಸಾದವರು, ಕೈಯಲ್ಲಿ ಕಾಸಿಲ್ಲದವರು. ಇದು ನನಗೆ ಕಿಂಚಿತ್ತೂ ಹಿಡಿಸಲಿಲ್ಲ.

ಮಗಳ ಮನೆಯ ಪಕ್ಕದಲ್ಲಿ ಅಂಥ ಒಬ್ಬ ಅಜ್ಜಿ ಇದ್ದರು. ಅಮೆರಿಕದವರೇ. ಎಂಬತ್ತರ ಹತ್ತಿರ ವಯಸ್ಸು, ಒಂಟಿ, ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಬರುವುದು ಪಿಂಚಣಿ ಮಾತ್ರ. ಆ ವರ್ಷ ಜೂನ್ ಕೊನೆಯಲ್ಲಿ ಬಿಸಿಲು ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟಿತು. ನಮ್ಮ ಲೆಕ್ಕದಲ್ಲಿ 38ರ ಮೇಲೆ. ರಾಯಚೂರಿನವರು ನಗಬಹುದು. ಆದರೆ ಅಲ್ಲಿನದು ಚಳಿಗೆಂದು ಕಟ್ಟಿದ ಮರದ ಮನೆಗಳು, ಒಳಗೆ ಬೆಂದುಹೋಗುತ್ತೇವೆ ಕಣ್ರೀ. ಅಜ್ಜಿ ಎ.ಸಿ. ಹಾಕುತ್ತಿರಲಿಲ್ಲ. ಮಧ್ಯಾಹ್ನ ಕಾರಿಡಾರಿನಂಥ ಕತ್ತಲೆ ಜಾಗದಲ್ಲಿ ಒದ್ದೆ ಬಟ್ಟೆ ಕತ್ತಿಗೆ ಸುತ್ತಿಕೊಂಡು ಕೂತಿರುತ್ತಿದ್ದರು. ನಾನು ನೀರುಮಜ್ಜಿಗೆಗೆ ಶುಂಠಿ, ಕೊತ್ತಂಬರಿ ಹಾಕಿ ಕೊಂಡುಹೋಗಿ ಕೊಡುತ್ತಿದ್ದೆ. ಮೊದಲ ದಿನ ಮುಖ ಕಿವಿಚಿದರು. ಮೂರನೆಯ ದಿನ ತಾವೇ ಲೋಟ ಹಿಡಿದು ಬಂದರು.

‘ಎ.ಸಿ. ಹಾಕಬಾರದೇ?’ ಅಂದರೆ ಬಿಲ್ಲು ತೋರಿಸಿದರು. ಜೂನ್ 1ರಿಂದ ನ್ಯೂಜೆರ್ಸಿಯ ಮನೆಗಳ ಕರೆಂಟು ಬಿಲ್ಲು ಶೇಕಡಾ 17ರಿಂದ 20ರಷ್ಟು ಏರಿತ್ತು. ಕಂಪೆನಿಗೆ ಫೋನು ಮಾಡಿದರೆ ಯಂತ್ರ ಮಾತಾಡುತ್ತದೆ. ಒಂದು ಒತ್ತಿ, ಎರಡು ಒತ್ತಿ, ಆಮೇಲೆ ಸಂಗೀತ. ಮಗಳೇ ಅವರ ಪರವಾಗಿ ಮುಕ್ಕಾಲು ಗಂಟೆ ಫೋನು ಹಿಡಿದು ಕೂತು, ಕಂತಿನಲ್ಲಿ ಕಟ್ಟಲು ಏರ್ಪಾಡು ಮಾಡಿಸಿದಳು.

ಬೆಲೆ ಏರಿದ್ದು ಏಕೆ? ಅಳಿಯಂದಿರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಮದುವೆ ಕಾಲಕ್ಕೆ ಅಡಿಗೆಯವರಿಗೆ ಮುಂಗಡ ಕೊಟ್ಟು ಗೊತ್ತುಮಾಡಿಕೊಳ್ಳುವುದಿಲ್ಲವೇ? ಹಾಗೆ 13 ರಾಜ್ಯಗಳಿಗೂ ರಾಜಧಾನಿ ವಾಷಿಂಗ್ಟನ್ನಿಗೂ ಸೇರಿ ಪಿ.ಜೆ.ಎಂ. ಎಂಬ ಸಂಸ್ಥೆ ಹರಾಜು ನಡೆಸಿ, ವಿದ್ಯುತ್ ಕೇಂದ್ರಗಳನ್ನು ಮುಂದಿನ ಕಾಲಕ್ಕೆ ಗೊತ್ತುಮಾಡುತ್ತದೆ. 2024ರ ಜುಲೈ ಹರಾಜಿನಲ್ಲಿ ಆ ಮುಂಗಡ, ಒಂದು ಮೆಗಾವಾಟಿಗೆ ದಿನವೊಂದಕ್ಕೆ ಸುಮಾರು 29 ಡಾಲರ್ ಇದ್ದದ್ದು ಏಕ್‌ದಂ 270ಕ್ಕೆ ನೆಗೆಯಿತು. ಹಳೆಯ ಕೇಂದ್ರಗಳು ಮುಚ್ಚುತ್ತಿವೆ, ಹೊಸವಕ್ಕೆ ತಂತಿ ಜೋಡಿಸುವುದು ನಿಧಾನ; ಜೊತೆಗೆ ಬಂದದ್ದು ಡೇಟಾ ಸೆಂಟರುಗಳು. ಕಂಪ್ಯೂಟರುಗಳನ್ನೇ ಪೇರಿಸಿಟ್ಟ ಭಾರೀ ಗೋದಾಮುಗಳು ಇವು. ಕೃತಕ ಬುದ್ಧಿಮತ್ತೆ ಅಂತ ಮೊಬೈಲಿನಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಕೊಡುತ್ತದಲ್ಲ, ಅದರ ಒಲೆ ಉರಿಯುವುದು ಅಲ್ಲಿ. ಹಗಲೂ ರಾತ್ರಿ ಕರೆಂಟು ನುಂಗುತ್ತವೆ. ಮೊಬೈಲು ಬಾರದೆ ಮೊಸರಿಗೂ ಹೆಚ್ಚು ತೆರುವ ಅಜ್ಜಿ ಆ ಒಲೆಗೂ ಸೌದೆ ಹೊಂದಿಸಬೇಕಾಯಿತು.

ರಾಜಕೀಯ ಸುಮ್ಮನಿರುತ್ತದೆಯೇ? 2025ರ ನವೆಂಬರ್ 4ಕ್ಕೆ ಆ ರಾಜ್ಯದ ಗವರ್ನರ್ ಚುನಾವಣೆ. ನಮ್ಮ ಮುಖ್ಯಮಂತ್ರಿಯಂಥ ಸ್ಥಾನ ಅದು. ನಾನಿದ್ದಾಗಲೇ ಟೀವಿ ಹಾಕಿದರೆ ಕರೆಂಟಿನದೇ ಜಗಳ. ನೌಕಾಪಡೆಯಲ್ಲಿ ಹೆಲಿಕಾಪ್ಟರ್ ಹಾರಿಸಿದ್ದ ಮಿಕಿ ಶೆರಿಲ್ ಎಂಬಾಕೆ, ತಾನು ಗೆದ್ದರೆ ತುರ್ತುಸ್ಥಿತಿ ಸಾರಿ ದರ ಏರದಂತೆ ತಡೆಯುತ್ತೇನೆ ಅಂದರು. ಎದುರಾಳಿ ಜ್ಯಾಕ್ ಚಿಟರೆಲ್ಲಿ, ತಪ್ಪೆಲ್ಲ ಆಕೆಯ ಪಕ್ಷದ ಸರ್ಕಾರದ್ದೇ ಅಂದರು. ನಮ್ಮಲ್ಲೂ 2023ರಲ್ಲಿ 200 ಯೂನಿಟ್‌ವರೆಗೆ ಉಚಿತ ಎಂಬ ಗೃಹಜ್ಯೋತಿ ಎಷ್ಟು ಓಟು ತಂದಿತು ಅಂತ ನಾನು ಹೇಳಿದರೆ ಅಜ್ಜಿಗೆ ಆಶ್ಚರ್ಯ. ‘ಉಚಿತವೇ? ನಿಮ್ಮ ಊರಿನಲ್ಲಿ ಮನೆ ಬಾಡಿಗೆಗೆ ಸಿಗುತ್ತದೆಯೇ?’ ಅಂತ ಕೇಳಿದರು.

ಹನ್ನೊಂದು ವರ್ಷದಿಂದ ಅಲ್ಲಿ ತೆರಿಗೆ, ಬಿಲ್ಲು ಎರಡನ್ನೂ ಕಟ್ಟುತ್ತಿರುವ ನನ್ನ ಮಗಳಿಗೆ ಓಟಿಲ್ಲ, ಕೆಲಸದ ವೀಸಾ. ಗ್ರೀನ್ ಕಾರ್ಡಿನ ಸಾಲಿನಲ್ಲಿ ಭಾರತದವರು ಕಾಯುವುದು ವರ್ಷಗಟ್ಟಲೆ. ಅಜ್ಜಿಗೆ ಓಟಿತ್ತು. ನವೆಂಬರಿನಲ್ಲಿ ನಾನು ಊರಿಗೆ ಮರಳಿದ್ದೆ. ಅವತ್ತು ಮಗಳೇ ಅವರನ್ನು ಮತಗಟ್ಟೆಗೆ ಕಾರಿನಲ್ಲಿ ಕರೆದೊಯ್ದಳಂತೆ. ‘ಅಮ್ಮಾ, ನಾನು ಹೊರಗೆ ಕಾರಿನಲ್ಲೇ ಕೂತಿದ್ದೆ’ ಅಂದಳು. ಯಾರಿಗೆ ಹಾಕಿದರು ಅಂತ ಇವಳು ಕೇಳಲಿಲ್ಲ, ಅವರು ಹೇಳಲಿಲ್ಲ.

ಶೆರಿಲ್ ಗೆದ್ದರು. 2026ರ ಜನವರಿ 20ರಂದು ಪ್ರಮಾಣವಚನ ತೆಗೆದುಕೊಂಡು, ಅದೇ ದಿನ ಕರೆಂಟು ದರದ ಆಜ್ಞೆಗಳಿಗೆ ಸಹಿ ಹಾಕಿದರು. ಅಜ್ಜಿ ಈಗ ಮಜ್ಜಿಗೆ ತಾವೇ ಮಾಡಿಕೊಳ್ಳುತ್ತಾರಂತೆ. ಶುಂಠಿ ಎಷ್ಟು ಹಾಕಬೇಕು ಅಂತ ಮಗಳ ಕೈಲಿ ಕೇಳಿಸಿದ್ದರು. ಲೀಟರಿಗೆ ಅರ್ಧ ಅಂಗುಲ, ಜಜ್ಜಿ ಹಾಕಬೇಕು, ತುರಿಯಬಾರದು ಅಂತ ಹೇಳಿ ಕಳಿಸಿದ್ದೇನೆ.