ಹದಿನೆಂಟು ರೊಟ್ಟಿ, ಹತ್ತು ಬಂಗಡೆ

ದೀಪಾವಳಿ ಕಳೆದ ವಾರ ಅಗಸೂರಿನ ಅಕ್ಕನ ಮನೆಗೆ ಹೋಗಿದ್ದೆ. ಹುಬ್ಬಳ್ಳಿ ರಸ್ತೆಯ ಲಾರಿಗಳ ಸದ್ದು ದೂರದಲ್ಲಿ, ಬಂಗಡೆ ಹುರಿಯುವ ಪರಿಮಳ ಹತ್ತಿರದಲ್ಲಿ. ಜಗಲಿಯಲ್ಲಿ ಕಾಲು ಚಾಚಿದ್ದೇ ತಡ, ಪಿಯುಸಿ ಓದುವ ಅಕ್ಕನ ಮಗಳು ಕೆಮಿಸ್ಟ್ರಿ ಪುಸ್ತಕ ಹಿಡಿದು ಬಂದಳು.

"ಮಾವಾ, 34.5 ಗ್ರಾಂ ಸೋಡಿಯಂ, 35.5 ಗ್ರಾಂ ಕ್ಲೋರಿನ್. ಲಿಮಿಟಿಂಗ್ ರಿಯೇಜೆಂಟ್ ಯಾವುದು? ತೂಕ ಕಮ್ಮಿ ಇರೋದು ಸೋಡಿಯಂ, ಅದೇ ಅಲ್ವಾ?"

ಉತ್ತರ ಅಡುಗೆಮನೆಯಿಂದ ಬಂತು. "ರೊಟ್ಟಿ ಹದಿನೆಂಟೇ ಆಯ್ತು, ಬಂಗಡೆ ಹತ್ತು ಉಂಟು!" ಅಕ್ಕನ ಲೆಕ್ಕದಲ್ಲಿ ತಲೆಗೆ ಎರಡು ರೊಟ್ಟಿ, ಒಂದು ಬಂಗಡೆ. ಅಂದರೆ ಒಂಬತ್ತೇ ಊಟ. ಎಣಿಕೆಯಲ್ಲಿ ಹೆಚ್ಚಿದ್ದ ರೊಟ್ಟಿಯೇ ಮೊದಲು ಮುಗಿಯಿತು. ಉಳಿದ ಬಂಗಡೆಯ ಮೇಲೆ ಬೆಕ್ಕಿನ ಕಣ್ಣು.

ಸೋಡಿಯಂ ಕತೆಯೂ ಇಷ್ಟೇ. ಎರಡು ಮೋಲ್ ಸೋಡಿಯಂಗೆ ಒಂದು ಮೋಲ್ ಕ್ಲೋರಿನ್ ಅನಿಲ ಬೇಕು. ಗ್ರಾಮನ್ನು ಮೋಲ್ ಮಾಡಿದರೆ ಸೋಡಿಯಂ 1.5, ಕ್ಲೋರಿನ್ 0.5. ಸಮೀಕರಣದ ಅಂಕಿಯಿಂದ ಭಾಗಿಸಿದರೆ 0.75 ಮತ್ತು 0.5. ಸಣ್ಣದು ಕ್ಲೋರಿನ್, ಮೊದಲು ಮುಗಿಯುವುದೂ ಅದೇ; ಹಾಗೆ ಮೊದಲು ಮುಗಿಯುವುದೇ ಲಿಮಿಟಿಂಗ್ ರಿಯೇಜೆಂಟ್. ಉಪ್ಪು 58.5 ಗ್ರಾಂ ಆಗುತ್ತದೆ, 11.5 ಗ್ರಾಂ ಸೋಡಿಯಂ ಬೆಕ್ಕಿನ ಪಾಲು. ಬೆಕ್ಕು ಅದನ್ನು ಮುಟ್ಟದಿರುವುದೇ ಕ್ಷೇಮ; ನೀರು ತಾಗಿದರೆ ಸೋಡಿಯಂ ಸಿಡಿಯುತ್ತದೆ.

ಉಪ್ಪು ಎಂದಾಗ ಸಾಣಿಕಟ್ಟೆಯ ಉಪ್ಪಿನಾಗರ ನೆನಪಾಯಿತು. ಅಲ್ಲಿ ಯಾರೂ ಸೋಡಿಯಂ ತೂಗುವುದಿಲ್ಲ. ಲೀಟರ್ ಕಡಲ ನೀರಲ್ಲಿ ಸುಮಾರು 35 ಗ್ರಾಂ ಲವಣವಿದೆ, ಕಡಲಿಗಂತೂ ಬರವಿಲ್ಲ. ಸಾಲದೆ ಬರುವುದು ಬಿಸಿಲು. ಮಳೆ ಹಿಡಿಯಿತೋ, ಆ ವರ್ಷದ ಉಪ್ಪು ಮುಗಿಯಿತು. 1930ರಲ್ಲಿ ಅಂಕೋಲೆಯವರು ಉಪ್ಪಿನ ಸತ್ಯಾಗ್ರಹಕ್ಕೆ ಇಳಿದಾಗ ಕಡಲಿತ್ತು, ಬಿಸಿಲಿತ್ತು, ಜನರಿದ್ದರು. ಇಲ್ಲದ್ದು ಸರ್ಕಾರದ ಅಪ್ಪಣೆ ಒಂದೇ. ಅದಿಲ್ಲದೆಯೂ ಉಪ್ಪು ಆಗುತ್ತದೆಂದು ಅವರು ತೋರಿಸಿಕೊಟ್ಟರು. ರಸಾಯನಶಾಸ್ತ್ರದಲ್ಲಿ ಅಂಥ ಸತ್ಯಾಗ್ರಹ ನಡೆಯುವುದಿಲ್ಲ. ಕ್ಲೋರಿನ್ ಮುಗಿದರೆ ಮುಗಿಯಿತು.

"ಹಂಗಾದ್ರೆ ತೂಕ ನೋಡ್ಬಾರ್ದಾ ಮಾವಾ?"

"ನೋಡು, ಆದರೆ ಅಲ್ಲೇ ನಿಲ್ಲಬೇಡ."

ಪರೀಕ್ಷೆಗೆ ಕೂರುವ ಮಕ್ಕಳಿಗೂ ನನ್ನದು ಅದೇ ಮಾತು: ಮೊದಲು ಸಮೀಕರಣ ಸರಿದೂಗಿಸಿ, ಆಮೇಲೆ ಮೋಲ್ ಮಾಡಿ, ಅಂಕಿಯಿಂದ ಭಾಗಿಸಿ, ಕಡೆಗೆ ಸಣ್ಣದನ್ನು ಹಿಡಿಯಿರಿ. ಮರೆತರೆ ಹದಿನೆಂಟು ರೊಟ್ಟಿ ನೆನೆಯಿರಿ.