ಸೋದರ ನಗರದ ನೆಂಟರು

ನೆಂಟರು ಬರುತ್ತಾರೆ ಅಂದರೆ ನಮ್ಮ ನಿಮ್ಮಂಥ ಗೃಹಿಣಿಯರಿಗೆ ಅದೇನು ದೊಡ್ಡ ಸುದ್ದಿಯಲ್ಲ. ಒಂದು ಪಾವು ಅಕ್ಕಿ ಹೆಚ್ಚಿಗೆ ಹಾಕಿ, ಸಾರಿಗೆ ಇನ್ನೊಂದು ಚೊಂಬು ನೀರು ಬೆರೆಸಿದರೆ ಆಯಿತು. ಆದರೆ 2017ರ ನವರಾತ್ರಿಗೆ ಹದಿನೈದು ದಿನ ಮುಂಚೆ ನಮ್ಮ ಯಜಮಾನರು ಚಪ್ಪಲಿ ಬಿಡುತ್ತಲೇ, "ಅಮೆರಿಕದಿಂದ ಇಬ್ಬರು ಹೆಂಗಸರು ಐದು ದಿನ ನಮ್ಮನೇಲಿ ಇರ್ತಾರೆ, ಒಪ್ಪಿಕೊಂಡು ಬಂದಿದೀನಿ ಕಣೇ" ಅಂದಾಗ ನನ್ನ ಕೈಲಿದ್ದ ಸೌಟು ಕೈಲೇ ಉಳಿಯಿತು. ಗಂಡಸರಿಗೇನ್ರೀ, ಒಪ್ಪಿಕೊಂಡು ಬರುವುದಷ್ಟೇ ಕೆಲಸ!

ಈ 'ಸೋದರ ನಗರ' ಅನ್ನುವುದು ಏನೆಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನಾನೂ ಕೇಳಿದ್ದೆ. ಬೇರೆ ಬೇರೆ ದೇಶದ ಎರಡು ಊರುಗಳು ಕಾಗದಕ್ಕೆ ರುಜು ಹಾಕಿ ಬೀಗತನ ಬೆಳೆಸಿದ ಹಾಗೆ. ಅಮೆರಿಕದ ಟೊಲಿಡೊ ಎಂಬ ಊರು 1931ರಷ್ಟು ಹಿಂದೆಯೇ ಸ್ಪೇನ್ ದೇಶದ ತನ್ನದೇ ಹೆಸರಿನ ಊರಿನೊಡನೆ ಹೀಗೆ ನಂಟು ಮಾಡಿಕೊಂಡಿತ್ತಂತೆ. ಮಹಾಯುದ್ಧ ಮುಗಿದ ಮೇಲೆ, 1956ರಲ್ಲಿ, ಅಧ್ಯಕ್ಷ ಐಸೆನ್‌ಹೋವರ್ ಅವರು ಸರ್ಕಾರಗಳು ಮಾತಾಡಿಕೊಂಡರೆ ಸಾಲದು, ಜನ ಜನರೇ ಕಲೆಯಬೇಕು ಎಂದು ಇದಕ್ಕೆ ಒತ್ತು ಕೊಟ್ಟರು. ನಮ್ಮ ಮೈಸೂರಿಗೆ ಒಹಾಯೊ ನದಿ ದಂಡೆಯ ಸಿನ್ಸಿನಾಟಿ ಸೋದರ ನಗರವಾದದ್ದು 2012ರಲ್ಲಿ. ಜರ್ಮನಿಯ ಮ್ಯೂನಿಕ್, ಜಪಾನಿನ ಗಿಫು ಕೂಡ ಆ ಊರಿಗೆ ಸೋದರರೇ. ಅಂದರೆ ನಮಗೂ ದೂರದ ಸಂಬಂಧ ಅನ್ನಿ!

ರುಜು ಹಾಕುವವರು ದೊಡ್ಡವರು. ಹಾಸಿಗೆ ಹಾಸುವವರು ನಾವು.

ಬರುವವರ ಬಗ್ಗೆ ಒಂದು ಹಾಳೆ ಕೊಟ್ಟಿದ್ದರು. ವಯಸ್ಸು, ಕೆಲಸ, ಏನು ತಿನ್ನುತ್ತಾರೆ, ಯಾವುದು ಮೈಗೆ ಒಗ್ಗುವುದಿಲ್ಲ, ಇಷ್ಟೇ. ಒಬ್ಬರು ಅರವತ್ತೈದು ದಾಟಿದ ನಿವೃತ್ತ ಉಪಾಧ್ಯಾಯಿನಿ. ಇನ್ನೊಬ್ಬಳು ಲೈಬ್ರರಿಯಲ್ಲಿ ಕೆಲಸ ಮಾಡುವ ಹುಡುಗಿ, ಅವಳಿಗೆ ಕಡಲೆಕಾಯಿ ಬೀಜ ಕಂಡರಾಗದು. ಈ ಕೊನೆಯದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ನಮ್ಮ ಚಿತ್ರಾನ್ನ, ಚಟ್ನಿಪುಡಿ, ಕೋಸಂಬರಿ, ಎಲ್ಲಿ ಕಡಲೆಬೀಜ ಇಲ್ಲ ಹೇಳಿ? ಕೆಲವರಿಗೆ ಅದು ಪ್ರಾಣಕ್ಕೇ ಬರುತ್ತದೆ. ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿ ಆರಿಸಿ, ಮುಚ್ಚಳದ ಪಾತ್ರೆಯಲ್ಲಿ ಬೇರೆ ಇಟ್ಟೆ. ಹಲ್ಲುಜ್ಜುವುದಕ್ಕೂ ಅದೇ ನೀರು. ಹಸಿ ತರಕಾರಿ ಬದಲು ಸಿಪ್ಪೆ ಸುಲಿಯುವ ಹಣ್ಣು ಕೊಟ್ಟೆ. ನಂಜನಗೂಡಿನ ರಸಬಾಳೆ ಸಿಕ್ಕಿದ್ದು ನನ್ನ ಪುಣ್ಯ.

ನಮ್ಮ ಅತ್ತೆಯವರದು ಬೇರೆ ಚಿಂತೆ. ಎಪ್ಪತ್ತೆಂಟು ವರ್ಷದವರು, ಮಡಿ ಮೈಲಿಗೆ ಕಟ್ಟುನಿಟ್ಟು. "ಅಡಿಗೆಮನೆ ಒಳಕ್ಕೆ ಬಂದ್ರೆ ಏನೇ ಮಾಡ್ತೀಯ?" ಅಂದರು. "ಬರಲ್ಲ ಅಮ್ಮ, ಹೊರಗೇ ಬಡಿಸ್ತೀನಿ" ಅಂದೆ. ಬಂದ ಮೊದಲ ದಿನವೇ ಇಬ್ಬರೂ ಒಳಗೇ ಬಂದು ನಿಂತರು! ಬಿಸಿಬೇಳೆಭಾತಿಗೆ ಮಸಾಲೆ ಹುರಿಯುತ್ತಿದ್ದೆ, ವಾಸನೆ ಎಳೆದುಕೊಂಡು ಬಂತಂತೆ. ದೊಡ್ಡಾಕೆ ಬಾಣಲೆಗೆ ಮೂಗು ಹಿಡಿದು, "ಚಕ್ಕೆ! ನಮ್ಮೂರಿನ ಚಿಲ್ಲಿಗೂ ಚಕ್ಕೆ ಹಾಕ್ತೀವಿ" ಅಂದರು. ಅವರ ಚಿಲ್ಲಿ ಅಂದರೆ ಮೆಣಸಿನಕಾಯಲ್ಲ, ಶಾವಿಗೆಯಂಥ ಸ್ಪಗೆಟಿಯ ಮೇಲೆ ಸುರಿಯುವ ಮಸಾಲೆ ಗೊಜ್ಜು. ಮ್ಯಾಸಿಡೋನಿಯದಿಂದ ವಲಸೆ ಬಂದ ಅಣ್ಣತಮ್ಮಂದಿರು 1922ರಲ್ಲಿ ಶುರು ಮಾಡಿದ್ದಂತೆ. ಅದು ಮಾಂಸದ್ದು ಅನ್ನುವುದನ್ನು ನಾನು ಅತ್ತೆಗೆ ತರ್ಜುಮೆ ಮಾಡಲಿಲ್ಲ.

ಖಾರದ ವಿಷಯ: ಒಗ್ಗರಣೆಗೂ ಮೆಣಸಿನಪುಡಿಗೂ ಮುಂಚೆ ಅವರ ಪಾಲನ್ನು ಬೇರೆ ತೆಗೆದಿಟ್ಟುಬಿಡಿ. ಮೊಸರನ್ನ ಯಾವತ್ತೂ ಕೈಕೊಡುವುದಿಲ್ಲ. "ಇನ್ನೊಂಚೂರು, ಇನ್ನೊಂಚೂರು" ಅಂತ ಬಲವಂತ ಮಾಡುವ ನಮ್ಮ ಚಾಳಿಯನ್ನು ಮಾತ್ರ ಬಿಡಿ. ತಟ್ಟೆಯಲ್ಲಿ ಬಿಟ್ಟರೆ ತಪ್ಪಾದೀತೆಂದು ಆ ಹುಡುಗಿ ಮೂರು ಹೋಳಿಗೆ ತಿಂದು ರಾತ್ರಿಯೆಲ್ಲ ಒದ್ದಾಡಿದಳು. ತಪ್ಪು ನನ್ನದೇ.

ಉಡುಗೊರೆ ತಂದಿದ್ದರು. ಬಿಚ್ಚಿ ನೋಡಿದರೆ ರೆಕ್ಕೆ ಇರುವ ಪಿಂಗಾಣಿ ಹಂದಿ! ಹಿಂದೆ ಸಿನ್ಸಿನಾಟಿಯಲ್ಲಿ ಹಂದಿಮಾಂಸದ ವ್ಯಾಪಾರ ಎಷ್ಟಿತ್ತೆಂದರೆ ಊರಿಗೆ 'ಪೋರ್ಕೊಪೊಲಿಸ್' ಅಂತಲೇ ಅಡ್ಡಹೆಸರಂತೆ. 1988ರಲ್ಲಿ ನದಿಯ ಪಕ್ಕದ ಉದ್ಯಾನದಲ್ಲಿ ರೆಕ್ಕೆಯ ಹಂದಿಗಳ ಬೊಂಬೆ ನಿಲ್ಲಿಸಿದ ಮೇಲೆ ಅದೇ ಊರಿನ ಗುರುತಾಯಿತಂತೆ. ಯಜಮಾನರು ಕೆಮ್ಮಿದರು. ನಾನು "ಥ್ಯಾಂಕ್ಯೂ" ಅಂದು ಬೀರುವಿನ ಮೇಲಿಟ್ಟೆ.

ಈಗ ನಾನು ನಿಮಗೆ ಹೇಳಬೇಕಾದ ಮಾತಿಗೆ ಬರುತ್ತೇನೆ.

ನಮ್ಮ ಮನೆಯಲ್ಲಿ ಪಾಡ್ಯದಿಂದ ಗೊಂಬೆ ಕೂರಿಸುತ್ತೇವೆ. ಪಟ್ಟದ ಗೊಂಬೆಗಳು, ಅಂದರೆ ರಾಜ ರಾಣಿ, ಅತ್ತೆಯವರ ತವರಿನಿಂದ ಬಂದವು. ಸರಸ್ವತಿ ಪೂಜೆಯ ಸಂಜೆ ಬೀದಿಯ ಹೆಂಗಸರನ್ನೆಲ್ಲ ಅರಿಸಿನ ಕುಂಕುಮಕ್ಕೆ ಕರೆದಿದ್ದೆ. ಅತಿಥಿಗಳಿಬ್ಬರಿಗೂ ಸೀರೆ ಉಡಿಸಿ, ಮೈಸೂರು ಮಲ್ಲಿಗೆ ಮುಡಿಸಿ, ಚಾಪೆಯ ಮೇಲೆ ಕೂರಿಸಿ ಎಲ್ಲರಿಗಿಂತ ಮೊದಲು ಕುಂಕುಮ ಇಟ್ಟೆ. ದೊಡ್ಡಾಕೆಯ ಬೆರಳಲ್ಲಿ ಮದುವೆಯ ಉಂಗುರ ಇತ್ತು. ಕೇಳುವುದಕ್ಕೆ ನನಗೆ ಹೊಳೆಯಲೇ ಇಲ್ಲ.

ಸ್ವಲ್ಪ ಹೊತ್ತಿಗೆ ಆಕೆ ಸುತ್ತ ನೋಡಿ, "ಅಜ್ಜಿ ಯಾಕೆ ಬರಲಿಲ್ಲ?" ಅಂದರು. ಅತ್ತೆ ನಡುಮನೆಯ ಬಾಗಿಲ ಹಿಂದೆ ಕೂತು ಗುಗ್ಗರಿಯನ್ನು ಪೊಟ್ಟಣ ಕಟ್ಟುತ್ತಿದ್ದರು. ವರ್ಷಾವರ್ಷ ಅಲ್ಲೇ ಕೂರುವುದು. ನನ್ನ ಹರಕು ಇಂಗ್ಲಿಷಿನಲ್ಲಿ, ಆಕೆಗೆ ಗಂಡ ಇಲ್ಲ, ಅದಕ್ಕೆ ಬರುವುದಿಲ್ಲ ಅಂದೆ. ಆಕೆ ಗೋಡೆಯ ಮೇಲೆ ಹಾರ ಹಾಕಿದ್ದ ನಮ್ಮ ಮಾವನವರ ಪಟ ನೋಡಿದರು. ಆಮೇಲೆ ಮೆತ್ತಗೆ, "ನನಗೂ ಇಲ್ಲ. ಹನ್ನೊಂದು ವರ್ಷ ಆಯ್ತು" ಅಂದರು.

ಇಂಗ್ಲಿಷ್ ಬಂದವರು ಬಾರದವರಿಗೆ ಪಿಸುಗುಟ್ಟಿದರು. ಕೋಣೆಯೆಲ್ಲ ತಣ್ಣಗಾಯಿತು. ಎದುರುಮನೆಯ ಹಿರಿಯರೊಬ್ಬರು ನನ್ನ ಕೈಯ ತಟ್ಟೆಯನ್ನೇ ನೋಡುತ್ತ ಕೂತರು. ಅದೇ ಭರಣಿಯಿಂದ ಇನ್ನು ಅವರಿಗೂ ಕೊಡಬೇಕಿತ್ತಲ್ಲ! ಪಾಪ, ಆಕೆ ತಾನೇನೋ ತಪ್ಪು ಮಾಡಿದೆನೆಂದು ತಿಳಿದು, "ಒರೆಸಿಬಿಡಲೇ?" ಎಂದು ಹಣೆಗೆ ಕೈ ಒಯ್ದರು. ನನಗೆ ನಾಲಗೆಯೇ ಏಳಲಿಲ್ಲ. ಹೌದು ಅನ್ನಲೇ, ಬೇಡ ಅನ್ನಲೇ?

ಒಳಗಿನಿಂದ ಅತ್ತೆಯವರ ದನಿ ಬಂತು. "ಒರೆಸಬೇಡ ಅಂತ ಹೇಳೇ ಅವಳಿಗೆ."

ಇಂಗ್ಲಿಷ್ ಬಾರದ ನಮ್ಮತ್ತೆಗೆ ಅಷ್ಟೂ ಅರ್ಥವಾಗಿತ್ತು. ನಾನು ಆಕೆಯ ಕೈ ಹಿಡಿದು ಕೆಳಗಿಳಿಸಿದೆ. ಉಳಿದವರಿಗೆ ಕುಂಕುಮ ಕೊಟ್ಟೆ. ಇಬ್ಬರು ಮಾತ್ರ, ಹಾಲು ಉಕ್ಕುತ್ತೆ, ಮಗು ಅಳುತ್ತೆ ಎಂದು ಎದ್ದು ಹೋದರು.

ರಾತ್ರಿ ಅತಿಥಿಗಳು ಮಲಗಿದ ಮೇಲೆ ಅತ್ತೆಯವರ ಕಾಲ ಬಳಿ ಕೂತು, "ಗೊತ್ತಿಲ್ಲದೆ ಇಟ್ಟುಬಿಟ್ಟೆ ಅಮ್ಮ" ಅಂದೆ. ಅವರು ಬತ್ತಿ ಹೊಸೆಯುತ್ತಿದ್ದರು. "ಅವಳ ವಿಷಯ ನಿನಗೆ ಗೊತ್ತಿರಲಿಲ್ಲ, ಸರಿ. ಅವಳು ಬಂದ ಎರಡನೇ ದಿನಕ್ಕೇ, ಅಜ್ಜಿ ಯಾಕೆ ಬರಲಿಲ್ಲ ಅಂತ ಕೇಳಿದಳು. ನೀನು ಇಪ್ಪತ್ತೆರಡು ವರ್ಷದಿಂದ ನೋಡ್ತಿದೀಯಲ್ಲ" ಅಂದರು. ಬೈದದ್ದಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಾನು ಓದಿದವಳು. ಹಳೇ ಪದ್ಧತಿ ಬಿಡಬೇಕು ಅಂತ ಮಹಿಳಾ ಸಮಾಜದಲ್ಲಿ ಮಾತಾಡಿದವಳು. ನನ್ನ ಮನೆಯ ಬಾಗಿಲ ಹಿಂದೆಯೇ ಒಬ್ಬರು ಪೊಟ್ಟಣ ಕಟ್ಟುತ್ತ ಕೂತಿದ್ದರೆ, ಅವರಿಗೇ ಬೇಡವೇನೋ ಅಂದುಕೊಂಡಿದ್ದೆ. ಒಂದು ಸಲ ಬಾಯಿ ಬಿಟ್ಟು ಕೇಳಿರಲಿಲ್ಲ. ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ, ಹೇಳಿ?

ಮಾರನೆಯ ಸಂಜೆ ಗೊಂಬೆಗಳ ಪಕ್ಕ ಒಂದು ಕುರ್ಚಿ ಹಾಕಿ, "ಬನ್ನಿ ಅಮ್ಮ" ಅಂದೆ. ಬೇಡ ಅಂದರು. ಆ ದೊಡ್ಡಾಕೆ ಹೋಗಿ ಕೈ ನೀಡಿದರು, ಆಗಲೂ ಬೇಡ ಅಂದರು. ಮಕ್ಕಳು ಗೊಂಬೆ ಬಾಗಿನಕ್ಕೆ ಬಂದು ಗಲಾಟೆ ಎಬ್ಬಿಸಿದಾಗ, "ಇವಳಿಗೆ ಸರಿಯಾಗಿ ಹಂಚೋಕೆ ಬರಲ್ಲ" ಎಂದು ಗೊಣಗುತ್ತ ತಾವೇ ಬಂದು ಕೂತರು. ಮಲ್ಲಿಗೆ ತೆಗೆದುಕೊಂಡರು, ಮುಡಿಯಲಿಲ್ಲ, ಉಡಿಯಲ್ಲಿ ಇಟ್ಟುಕೊಂಡರು. ಕುಂಕುಮ ಬೇಡವೆಂದರು. ನಾನೂ ಬಲವಂತ ಮಾಡಲಿಲ್ಲ, ಅಷ್ಟು ಮಾತ್ರ ಹೋಳಿಗೆಯಿಂದ ಕಲಿತಿದ್ದೆ. ಮುಂದಿನ ವರ್ಷ ಎದುರುಮನೆಯವರು ಬರಲಿಲ್ಲ. ಅದರ ಮುಂದಿನ ವರ್ಷ ಬಂದರು.

ಅತಿಥಿಗಳು ಹೊರಟ ದಿನ ಅತ್ತೆ ಬೀರುವಿನ ಮೇಲಿನ ಆ ಹಂದಿಯನ್ನು ಇಳಿಸಿ, ಸೆರಗಿನಿಂದ ಒರೆಸಿ, ಗೊಂಬೆ ಸಾಲಿನ ಮುಂದೆ ಬಹಳ ಹೊತ್ತು ನಿಂತರು. "ರೆಕ್ಕೆ ಇದೆ, ಗರುಡನ ಪಕ್ಕ ಇಡೋಣವೇ?" ಅಂದೆ.

"ಹುಚ್ಚಿ, ಇದು ವರಾಹ ಕಣೇ" ಅಂದರು ಅತ್ತೆ, ದಶಾವತಾರದ ಸಾಲಿನಲ್ಲಿ ಕೂರ್ಮವನ್ನು ಒಂಚೂರು ಆಚೆ ಸರಿಸಿ ಜಾಗ ಮಾಡುತ್ತ.