ದೋಟಿಯೂ ಕಾಯಿಯೂ ಕಾರನ್ನೇರಿದಾಗ

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಸದ್ಗೃಹಸ್ಥರ ಮನೆಗಳ ಮುಂದೆ ಎತ್ತಿನ ಗಾಡಿ ನಿಲ್ಲುತ್ತಿದ್ದ ತಾಣದಲ್ಲಿ ಈಗ ಕಾರು ನಿಂತಿದೆ. ಇದು ಸಂತೋಷದ ಸಂಗತಿಯೇ. ಬೆಂಗಳೂರು, ತುಮಕೂರುಗಳಲ್ಲಿ ಉದ್ಯೋಗದಲ್ಲಿರುವ ಮಕ್ಕಳು ಶನಿವಾರ ರಾತ್ರಿ ಬಂದು, ಭಾನುವಾರ ಕಾಯಿ ಕೀಳಿಸಿ, ಸಂಜೆಗೆ ಹಿಂದಿರುಗುತ್ತಾರೆ. ಹಿಂದಿರುಗುವ ಕಾರಿನಲ್ಲಿ ಸುಲಿದ ಕಾಯಿ, ಉಂಡೆ ಕೊಬ್ಬರಿ, ಎಳನೀರಿನ ಗೊನೆ, ನೆಂಟರ ತೋಟಕ್ಕೆಂದು ನಾಲ್ಕು ಸಸಿ, ಕೆಲವೊಮ್ಮೆ ದೋಟಿ. ಇವೆಲ್ಲದರ ಸಂದಿಯಲ್ಲಿ ಎಲ್ಲಿಯೋ ಮೊಮ್ಮಕ್ಕಳು. ಗಾಡಿಯನ್ನು ಬಡಗಿಯು ಹೊರೆಗೆಂದೇ ಕಟ್ಟುತ್ತಿದ್ದನು. ಕಾರನ್ನು ಕಟ್ಟಿರುವುದು ಮನುಷ್ಯರು ಕುಳಿತು ಸಾಗಲೆಂದು. ಈ ಭೇದವು ಮರೆಯಾಗುತ್ತಿರುವುದನ್ನು ಕಂಡು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಾವು ಬಾಲ್ಯದಲ್ಲಿ ಅಧ್ಯಯನ ಮಾಡಿದ ಮಠದಲ್ಲಿ ಗಾಡಿ ಹೊಡೆಯುತ್ತಿದ್ದ ಹಿರಿಯರೊಬ್ಬರಿದ್ದರು. ಅಕ್ಷರ ಬಾರದವರು. ತೋಟಕ್ಕೆ ಹೊರಡುವಾಗ ದೋಟಿಯ ತುದಿಯ ಕುಡುಗೋಲನ್ನು ಬಿಚ್ಚಿ, ಗೋಣಿಯಲ್ಲಿ ಸುತ್ತಿ, ತಾವು ಕೂರುವ ಹಲಗೆಯ ಕೆಳಗೆ ಸೇರಿಸಿದ ಮೇಲೆಯೇ ಹುಡುಗರಾದ ನಮ್ಮನ್ನು ಹತ್ತಿಸಿಕೊಳ್ಳುತ್ತಿದ್ದರು. ಗಂಟೆಗೆ ಒಂದು ಹರದಾರಿ ಸಾಗುವ ಗಾಡಿಗೆ ಅಷ್ಟು ಎಚ್ಚರಿಕೆ!

ಕಳೆದ ವರ್ಷ ಅಮೆರಿಕೆಯ ಹಿಮಪ್ರದೇಶದಲ್ಲಿ ನೆಲೆಸಿರುವ ಭಕ್ತರೊಬ್ಬರ ಮಗನು ದರ್ಶನಕ್ಕೆ ಬಂದಿದ್ದನು. ಹಿಮದ ಮೇಲೆ ಜಾರುವ ಆಟದ ಸ್ಕೀ ಎಂಬ ಉದ್ದನೆಯ ಹಲಗೆಗಳನ್ನು ಕಾರಿನಲ್ಲಿ ಒಯ್ಯುವ ಕ್ರಮವನ್ನು ವಿವರಿಸಿದನು. ಆ ಹಲಗೆಗಳ ಅಂಚಿಗೆ ಉಕ್ಕಿನ ಪಟ್ಟಿ ಇರುತ್ತದೆಯಂತೆ. ಎರಡನ್ನೂ ತಳಕ್ಕೆ ತಳ ಸೇರಿಸಿ ಕಟ್ಟಿ, ಚೀಲಕ್ಕೆ ಹಾಕಿ, ಒಳಗಾದರೆ ಮಿಸುಕದಂತೆ ಬಿಗಿಯುವರು. ಛಾವಣಿಯ ಮೇಲಾದರೆ ಅದಕ್ಕೆಂದೇ ಇರುವ ಅಡ್ಡಪಟ್ಟಿಗಳಿಗೆ, ಬಾಗಿದ ಮೂತಿಯನ್ನು ಹಿಂದಕ್ಕೆ ಮಾಡಿ, ಬಂಧಿಸುವರು. ಹಿಮವನ್ನು ಒರೆಸದೆ ಒಳಗಿಟ್ಟರೆ ಅದು ಕರಗಿ ಸೀಟು ನೆನೆಯುತ್ತದೆ, ಉಕ್ಕಿಗೆ ತುಕ್ಕು ಹಿಡಿಯುತ್ತದೆ. ಆಟದ ಹಲಗೆಗೆ ಇಷ್ಟು ಉಪಚಾರವೇ ಎಂದು ಅಲ್ಲಿದ್ದವರು ನಕ್ಕರು. ನಮಗೆ ನೆನಪಾದುದು ನಮ್ಮ ದೋಟಿ.

ಹಳೆಯ ಬಿದಿರಿನ ದೋಟಿ ಕಾರಿಗೆ ಹೊಂದುವ ವಸ್ತುವೇ ಅಲ್ಲ. ಅದು ತೋಟದಲ್ಲಿಯೇ ಇರಲಿ. ಈಗ ಬಂದಿರುವ, ಒಂದರೊಳಗೊಂದು ಸೇರುವ ಅಲ್ಯೂಮಿನಿಯಂ ಕೊಳವೆಯ ದೋಟಿಯೂ ಮಡಿಸಿದಾಗ ಏಳೆಂಟು ಅಡಿ ಉಳಿಯುವುದುಂಟು. ಅದನ್ನು ಕಿಟಕಿಯಿಂದ ಹೊರಗೆ ಚಾಚಿ, ತುದಿಗೊಂದು ಕೆಂಪು ಬಟ್ಟೆ ಕಟ್ಟಿದರೆ ಸಾಕೆಂಬ ಭಾವನೆ ನಮ್ಮ ಜನರಲ್ಲಿದೆ. ಸಾಲದು. ಹೊರೆಯು ವಾಹನದ ಪಕ್ಕಕ್ಕೆ, ಮುಂದಕ್ಕೆ, ಹಿಂದಕ್ಕೆ ಮಿತಿಮೀರಿ ಚಾಚಿದ್ದರೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಮೇರೆಗೆ 20,000 ರೂಪಾಯಿ ದಂಡ. ಹೊರೆ ಇಳಿಸುವ ಖರ್ಚು ಬೇರೆ. ಡಿಕ್ಕಿಯ ಬಾಗಿಲನ್ನು ಅರ್ಧ ತೆರೆದು ಹಗ್ಗ ಬಿಗಿದು ಓಡಿಸುವುದು ಇನ್ನೂ ಕೆಡುಕು. ಓಡುವ ಕಾರಿನ ಹಿಂದೆ ಸುಳಿಯುವ ಗಾಳಿಯು ಹೊಗೆಯನ್ನು ಒಳಕ್ಕೆಳೆಯುತ್ತದೆ. ಆ ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹಿಂದೆ ಮಲಗಿದ ಮಗುವಿಗೆ ಅದರ ಸುಳಿವೂ ಸಿಗದು.

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಒಮ್ಮೆ ಚಹದಂಗಡಿಯ ಮುಂದೆ ನಿಂತ ಕಾರೊಂದನ್ನು ಕಂಡೆವು. ದೋಟಿಯು ಮುಂದಿನ ಸೀಟುಗಳ ನಡುವಿನಿಂದ ಹಿಂದಿನ ಗಾಜಿನವರೆಗೆ ಮಲಗಿತ್ತು. ಕುಡುಗೋಲು ತುದಿಯಲ್ಲಿಯೇ ಇತ್ತು. ಅದರ ಬಾಯಿಗೂ ನಿದ್ರಿಸುತ್ತಿದ್ದ ಹೆಣ್ಣುಮಗುವಿನ ಕೊರಳಿಗೂ ಒಂದು ಗೇಣು ಅಂತರವಿರಲಿಲ್ಲ. ತಂದೆಯನ್ನು ಕರೆದು ತೋರಿಸಿದೆವು. "ಇಲ್ಲೇ ತುರುವೇಕೆರೆಗೆ ಬುದ್ಧಿ, ಇನ್ನೇನು ಬಂದೇಬಿಟ್ಟಿತು" ಎಂದರು. ಅಲುಗು ಕಳಚಿ, ಗೋಣಿಯಲ್ಲಿ ಸುತ್ತಿ, ಜಾಕಿಯ ಪಕ್ಕಕ್ಕೆ ಸೇರುವವರೆಗೂ ನಾವು ಅಲ್ಲಿಂದ ಕದಲಲಿಲ್ಲ. ಅವರಿಗೆ ಬೇಸರವಾಗಿರಬಹುದು, ಆಗಲಿ.

ದೋಟಿಗಿಂತಲೂ ಮೋಸದ ವಸ್ತು ಕಾಯಿ. ಅದು ಗುಂಡಗಿದೆ, ನಿರಪರಾಧಿಯಂತೆ ಕಾಣುತ್ತದೆ. ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವಾಗ ಒಳಗಿನ ಕಾಯಿಯೂ ಅದೇ ವೇಗದಲ್ಲಿರುತ್ತದೆ. ಕಾರು ಏನಕ್ಕಾದರೂ ಬಡಿದು ಥಟ್ಟನೆ ನಿಂತರೂ ಕಾಯಿ ನಿಲ್ಲುವುದಿಲ್ಲ. ಆ ವೇಗಕ್ಕೆ ಸಮನಾದ ಬೀಳುವಿಕೆಯನ್ನು ಲೆಕ್ಕಹಾಕಿದರೆ 14 ಮೀಟರ್ ಎತ್ತರ ಬರುತ್ತದೆ, ಎಂದರೆ ಸುಮಾರು 46 ಅಡಿ. ಬಲಿತ ತೆಂಗಿನ ಮರದ ಸುಳಿಯ ಎತ್ತರವದು! ಹೆದ್ದಾರಿಯಲ್ಲಿ 80 ಕಿಲೋಮೀಟರ್ ವೇಗವಾದರೆ 25 ಮೀಟರ್. ಅಷ್ಟೆತ್ತರದ ಮರ ನಮ್ಮ ಸೀಮೆಯಲ್ಲಿಯೇ ವಿರಳ. ಕಾಯಿ ಕೀಳುವಾಗ ಮರದ ಬುಡದಲ್ಲಿ ಮಗುವನ್ನು ನಿಲ್ಲಿಸುವ ತಾಯಿಯುಂಟೆ? ಅರ್ಧ ಮೈಲಿಗೆ ಕೇಳಿಸುವಂತೆ ಕೂಗಿ ಕರೆಯುತ್ತಾಳೆ. ಆದರೆ ಅವಳೇ ಸಂಜೆ ಅದೇ ಮಗುವನ್ನು ಬಿಡಿಕಾಯಿಗಳ ಮುಂದೆ ಕೂರಿಸಿಕೊಂಡು ಹೊರಡುತ್ತಾಳೆ.

ಆದುದರಿಂದ ಕಾಯಿಯನ್ನು ಬಿಡಿಯಾಗಿ ಇಡಲೇಬಾರದು. ಚೀಲದಲ್ಲಿ ತುಂಬಿ, ಬಾಯಿ ಬಿಗಿದು, ಡಿಕ್ಕಿಯ ನೆಲದಲ್ಲಿ ಹಿಂದಿನ ಸೀಟಿನ ಬೆನ್ನಿಗೆ ಒತ್ತಿಟ್ಟು, ಚೀಲವನ್ನು ಕೊಂಡಿಗಳಿಗೆ ಕಟ್ಟಬೇಕು. ಸೀಟಿನ ಎತ್ತರವನ್ನು ಮೀರಿ ಪೇರಿಸಬಾರದು. ನಾರಿನ ಹಗ್ಗ ನಮ್ಮ ಊರಿನ ಹೆಮ್ಮೆ. ಆದರೆ ಅದಕ್ಕೆ ಹಿಗ್ಗುವ ಗುಣವಿದೆ, ಒಂದೆರಡು ಮೈಲಿ ಸಾಗಿದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಬಿಗಿಯಬೇಕು. ಕಾಲಿನ ಬಳಿ ಜಾಗವಿದೆಯೆಂದು ಎರಡು ಕಾಯಿ ಉರುಳಿಸುವ ಚಾಳಿಯನ್ನಂತೂ ಬಿಡಲೇಬೇಕು. ಇಳಿಜಾರಿನಲ್ಲಿ ಅದು ಚಾಲಕನ ಸೀಟಿನಡಿಯಿಂದ ಉರುಳಿ ಬಂದು ಬ್ರೇಕಿನ ಪೆಡಲಿನ ಕೆಳಗೆ ಸಿಕ್ಕಿಕೊಂಡರೆ ಕಾರು ನಿಲ್ಲುವುದಾದರೂ ಹೇಗೆ?

ಇನ್ನು ಶುಚಿತ್ವ. ಹಸಿ ಮಟ್ಟೆಯ ಒಗರು ಬಟ್ಟೆಗೆ ಹತ್ತಿದರೆ ಕಂದು ಕಲೆ ಹೋಗುವುದಿಲ್ಲ. ಕೆಳಗೊಂದು ಟಾರ್ಪಾಲು ಹಾಸಿದರೆ ಮುಗಿಯಿತು. ಕೊಬ್ಬರಿಯ ವಿಷಯ ಬೇರೆ. ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ತಪಸ್ಸು ಮಾಡಿದಂತೆ ಒಣಗಿದ ಉಂಡೆಯನ್ನು ಎಳನೀರಿನ ಹಸಿ ಗೊನೆಯ ಪಕ್ಕದಲ್ಲಿಟ್ಟು ಮುಚ್ಚಿದ ಡಿಕ್ಕಿಯಲ್ಲಿ ರಾತ್ರಿ ಕಳೆಸಿದರೆ ಅದು ತೇವ ಹೀರುತ್ತದೆ, ಬೂಷ್ಟಿಗೆ ದಾರಿಯಾಗುತ್ತದೆ. ಎರಡನ್ನೂ ಬೇರೆ ಇಡಬೇಕು. ಊರು ಸೇರಿದೊಡನೆ ಇಳಿಸಬೇಕು.

ಸಸಿಗಳ ಬಗೆಗೆ ನಮ್ಮ ಆತಂಕ ಸೀಟಿಗೆ ಮೆತ್ತುವ ಮಣ್ಣಿನದಲ್ಲ. 2016ರಲ್ಲಿ ಪೊಳ್ಳಾಚಿಯ ಕಡೆ ಮೊದಲು ಕಾಣಿಸಿಕೊಂಡ ಸುರುಳಿ ಬಿಳಿನೊಣವು ಇಂದು ನಮ್ಮ ತೋಟಗಳ ಗರಿಗಳನ್ನು ಮಸಿ ಬಳಿದಂತೆ ಕಪ್ಪಾಗಿಸಿದೆ. ಅದರ ಮೊಟ್ಟೆಗಳು ಗರಿಯ ಅಡಿಭಾಗದಲ್ಲಿ ಬಿಳಿ ಮೇಣದ ಸುರುಳಿಗಳಾಗಿರುತ್ತವೆ. ಸೋಂಕಿದ ಸಸಿಯೊಂದು ಕಾರನ್ನೇರಿದರೆ ನೊಣಕ್ಕೆ ಹಾರುವ ಶ್ರಮವೂ ಉಳಿಯಿತು. ಹತ್ತಿಸುವ ಮುನ್ನ ಪ್ರತಿ ಎಲೆಯನ್ನೂ ಮಗುಚಿ ನೋಡಬೇಕು. ಸಂಶಯವಿದ್ದರೆ ಆ ಸಸಿಯನ್ನು ಅಲ್ಲಿಯೇ ಬಿಡಬೇಕು, ಕೊಟ್ಟವರು ಎಷ್ಟೇ ಹತ್ತಿರದ ಬೀಗರಾಗಿರಲಿ.

ಮನೆ ಸೇರಿ ಎಲ್ಲವನ್ನೂ ಇಳಿಸಿದ ಬಳಿಕ ಟಾರ್ಪಾಲನ್ನು ಹೊರಗೆ ಒದರಿ, ಡಿಕ್ಕಿಯ ಬಾಗಿಲನ್ನು ಒಂದು ಗಂಟೆ ತೆರೆದಿಡಬೇಕು. ಮುಂದಿನ ಸೀಟುಗಳ ಅಡಿಯಲ್ಲಿ ಕೈಯಾಡಿಸಿ ನೋಡುವುದನ್ನೂ ಮರೆಯಬಾರದು. ಒಂದು ಕಾಯಿ ಅಲ್ಲಿ ಉಳಿದಿರುವ ಸಂಭವವುಂಟು.